ನೀರು ಕುಡಿಯದೆ ಮನೆ ನೋಡುವವರು

ಒಂದು ನಾಯಿಯ ಸಲುವಾಗಿ ನಾನು ಕಳೆದುಕೊಂಡದ್ದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಾಲ್ಕು ಮನೆಗಳ ಕೀಲಿ. ಮನೆ ದಲಾಲಿ ಮಾಡುವವನಿಗೆ ಕೀಲಿ ಅಂದರೆ ಅನ್ನ. ಕಳೆದ ತಿಂಗಳು ಆ ಮನೆಗಳ ಮಾಲೀಕರು ನನ್ನನ್ನು ಕರೆಸಿ, ಚಹಾ ಕೊಟ್ಟು, "ಮ್ಯಾಲಿನ ಮನಿ ಖಾಲಿ ಆತಲ್ಲ, ಈ ಸಲ ಜನ ನೋಡಿ ಕೊಡಸ್ರಿ. ಹ್ವಾದ ಸಲದಂಗ ಆಗಬಾರದು. ಹೆಂತವರಿಗೋ ಕೊಟ್ಟೆ, ಮ್ಯಾಲ ಒಂದು ನಾಯಿ ಬ್ಯಾರೆ ತಂದು ಕಟ್ಟಿದ್ರು" ಅಂದರು. ಅವರು ಹಾಗೆ ಅಂದದ್ದು ಆ ಮನೆಯಲ್ಲಿ ಬಾಡಿಗೆಗಿದ್ದು ಈ ಬೇಸಿಗೆಯಲ್ಲಿ ತೀರಿಕೊಂಡ ಹೆಣ್ಣುಮಗಳ ಬಗ್ಗೆ. ನಾನು ಗೊಂಚಲಿನಿಂದ ಅವರ ನಾಲ್ಕೂ ಕೀಲಿ ಬಿಚ್ಚಿ ಚಹಾದ ಬಸಿಯ ಪಕ್ಕದಲ್ಲಿಟ್ಟೆ. "ಅಂಥಾ ಜನ ಇನ್ನೊಬ್ರು ನನ್ನ ಹಂತ್ಯಾಕ ಇಲ್ರಿ, ನಿಮಗ ಕೊಡಸಾಕ" ಅಂದು ಎದ್ದು ಬಂದೆ.

"ಹುಚ್ಚು ಹಿಡದದೇನು ನಿಮಗ?" ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ಹುಚ್ಚೇನೂ ಇಲ್ಲ. ಬಸ್ ನಿಲ್ದಾಣದಲ್ಲಿ ಮೂಟೆ ಹೊತ್ತು ಶುರು ಮಾಡಿ, ಈ ಊರಿನ ಅರ್ಧ ಓಣಿಗಳ ಬಾಗಿಲು ತೆರೆಯುವ ಮಟ್ಟಕ್ಕೆ ಬಂದವನು ನಾನು. ಲಾಭವಿಲ್ಲದ ಕಡೆ ಚಪ್ಪಲಿ ಸವೆಸುವವನಲ್ಲ. ಆ ಹೆಣ್ಣುಮಗಳಿಂದ ನನಗೆ ಸಿಕ್ಕದ್ದು ನಾಲ್ಕು ಕೀಲಿಗಿಂತ ಹೆಚ್ಚಿನದು. ಏನು ಅಂತ ಹೇಳುತ್ತೇನೆ. ಕೇಳಿದ ಮೇಲೆ ಬೇಕಾದರೆ ನೀವೂ ಹುಚ್ಚ ಅನ್ನಿ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರೇ ಹೇಳುತ್ತಿದ್ದರು: "ಹೆಸರು ಹೇಳಿದ್ರ ಮಂದಿ ಅಡ್ಡಹೆಸರು ಕೇಳ್ತಾರ. ಅಡ್ಡಹೆಸರು ಹೇಳಿದ್ರ ಜಾತಿ ತಿಳ್ಕೊಂಡು ಚಹಾದ ಕಪ್ಪು ಬದಲಿ ಮಾಡ್ತಾರ." ಸರ್ಕಾರಿ ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ದಲಿತ ಬೌದ್ಧ ಮನೆತನ. ತಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುತ್ತಿದ್ದರಂತೆ. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ "ಲೈನ್ ಬಿಜಿ ಇತ್ತು" ಅನ್ನುತ್ತಿದ್ದರು. ಪಿಂಚಣಿ ಬರುತ್ತಿತ್ತು, ಕೈಯಲ್ಲಿ ನಾಲ್ಕು ಕಾಸಿತ್ತು, ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಮೂಗಿನ ತುದಿಗೆ ದಪ್ಪ ಕನ್ನಡಕ. ಊರಲ್ಲಿ ಎಲ್ಲರಿಗೂ ಅವರು ಟೆಲಿಫೋನ್ ಮೇಡಂ.

ಮೊದಲ ಸಲ ಅವರು ನನ್ನ ಹತ್ತಿರ ಬಂದದ್ದು ಬಾಡಿಗೆ ಮನೆ ಹುಡುಕಿಕೊಂಡು. ನಮ್ಮ ಧಂದೆಯ ಮೊದಲ ಪ್ರಶ್ನೆ ಯಾವುದು ಅಂತ ಎಲ್ಲರಿಗೂ ಗೊತ್ತು. ನಾನೂ ರೂಢಿಯಂತೆ, "ಮಾಲಕರು ಕೇಳ್ತಾರ ಮೇಡಂ, ನಿಮ್ಮದು ಯಾವ ಜನ?" ಅಂದೆ.

"ಹೇಳ್ತೀನಿ. ಮೊದಲ ಅವರ ಮನಿ ಯಾವ ಜನಕ್ಕ ಲಾಯಕ್ ಅದ ನಾ ನೋಡ್ತೀನಿ, ನಡೀರಿ" ಅಂದರು.

ಮನೆ ನೋಡುವುದನ್ನು ನಾನು ಕಲಿತದ್ದು ಅವರಿಂದ. ಬಣ್ಣ ನೋಡುತ್ತಿರಲಿಲ್ಲ, ಟೈಲ್ಸ್ ನೋಡುತ್ತಿರಲಿಲ್ಲ. ಮಧ್ಯಾಹ್ನ ಬಂದು ಪಡುವಣ ಗೋಡೆಗೆ ಅಂಗೈ ಒತ್ತಿ, ಬಿಸಿ ಎಷ್ಟಿದೆ ಅಂತ ನೋಡುತ್ತಿದ್ದರು. ನಲ್ಲಿ ಬಿಟ್ಟು ಸದ್ದು ಕೇಳುತ್ತಿದ್ದರು. ಮಾಲೀಕರ ಮನೆಯವರು ಎಷ್ಟೇ ಒತ್ತಾಯ ಮಾಡಲಿ, ಮಾತು ಮುಗಿಯುವ ಮೊದಲು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರಲ್ಲ, ಆಗ ಅವರ ಅಜ್ಜಿ ಪಾಲಿಸುತ್ತಿದ್ದ ನೇಮವಂತೆ ಅದು. "ನೀರು ಕುಡದ ಮ್ಯಾಲ ಬಾಯಿ ಕಟ್ತದ. ಇಲ್ಲ ಅನ್ನಾಕ ಬರಂಗಿಲ್ಲ" ಅನ್ನುತ್ತಿದ್ದರು.

ಇವರು ಇಲ್ಲ ಅನ್ನುವ ಮೊದಲೇ ಮಾಲೀಕರೇ ಇಲ್ಲ ಅನ್ನುತ್ತಿದ್ದರು, ಆ ಮಾತು ಬೇರೆ. ನಾನು ಪೇಚಾಡಿದರೆ ನಕ್ಕುಬಿಡುತ್ತಿದ್ದರು. "ಎಕ್ಸ್‌ಚೇಂಜಿನಾಗ ಇದ್ದಾಗ ಇದೇ ಮಂದಿ 'ತಾಯಿ, ಬೆಂಗಳೂರು ಲೈನ್ ಕೊಡವ್ವ' ಅಂತ ಗೋಗರೀತಿದ್ರು. ದನಿ ಅಷ್ಟ ಇದ್ದಾಗ ನಾ ತಾಯಿ ಇದ್ದೆ ನೋಡ್ರಿ." ಹೀಗೆ ವರ್ಷದ ಮೇಲೆ ತಿರುಗಿ, ಕೊನೆಗೆ ಖೂಬಾ ಪ್ಲಾಟಿನ ಮೇಲಿನ ಮನೆ ಸಿಕ್ಕಿತು. ಸೂರ್ಯ ಇಡೀ ಮಧ್ಯಾಹ್ನ ಅಲ್ಲೇ ಕೂತಿರುತ್ತಿದ್ದರಿಂದ ಯಾರೂ ಹಿಡಿಯದೆ ಬಿದ್ದಿದ್ದ ಮನೆ ಅದು. ಮಾಲೀಕರು ಮೂಗು ಮುರಿಯುತ್ತಲೇ ಕೊಟ್ಟರು.

ಒಂದು ಬೇಸಿಗೆ ಅದರಲ್ಲಿ ಬೆಂದ ಮೇಲೆ, ತಂಪಿನ ಮನೆ ಇದ್ದರೆ ಹೇಳಿ ಅಂದರು. ಐವಾನ್-ಎ-ಶಾಹಿ ಕಡೆ ಒಂದು ಮನೆ ಎರಡು ಮೂರು ದಿನದ ಹಿಂದೆ ಖಾಲಿಯಾಗಿತ್ತು. ಇದ್ದವರು ವರ್ಗವಾಗಿ ಊರು ಬಿಟ್ಟಿದ್ದರು, ಕೀಲಿ ನನಗೆ ತಲುಪಿಸಿದ್ದರು. ಮೇಡಂ ಅವರನ್ನು ಕರೆದುಕೊಂಡು ಹೋಗಿ ಬಾಗಿಲು ತೆರೆದೆ. ನಾನು ಅಡುಗೆಮನೆಯ ಗುಣಗಾನ ಮಾಡುತ್ತಿದ್ದಾಗ ಅವರು ಸೀದಾ ಹಿತ್ತಲ ಬಾಗಿಲು ತೆಗೆದರು.

ಬಟ್ಟೆ ಒಗೆಯುವ ಕಲ್ಲಿಗೆ ಒಂದು ನಾಯಿ ಕಟ್ಟಿತ್ತು. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ಹರಿದಿತ್ತು. ಮರಿಯಲ್ಲ, ಬೆಳೆದ ನಾಯಿ. ಹಗ್ಗ ಕೊರಳಿಗೆ ಕೊರೆದು ಗಾಯವಾಗಿತ್ತು. ಪಕ್ಕದ ಪರಾತದಲ್ಲಿ ನೀರು ಆರಿ ಬಿಳಿ ಗೆರೆ ಕೂತಿತ್ತು. ಬೊಗಳುವ ಶಕ್ತಿಯೂ ಉಳಿದಿರಲಿಲ್ಲ.

ನಾನು ಹಳೇ ಬಾಡಿಗೆದಾರರಿಗೆ ಫೋನ್ ಮಾಡಿದೆ. "ಹೊಸಾ ಊರಾಗ ಫ್ಲಾಟ್ ಅದ್ರಿ, ನಾಯಿಗೆ ಪರವಾನಗಿ ಇಲ್ಲ. ನೀವ್ ಹೆಂಗಿದ್ರೂ ಮನಿ ತೋರಿಸಾಕ ಬರ್ತೀರಿ, ಬಿಚ್ಚಿ ಬಿಡ್ತೀರಿ ಅನ್ಕೊಂಡ್ವಿ" ಅಂದರು. ಸ್ಪೀಕರಿನಲ್ಲಿ ಮೇಡಂ ಅದನ್ನು ಕೇಳಿಸಿಕೊಂಡರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಲ್ಲಿ ಬಿಟ್ಟು ಪರಾತ ತುಂಬಿದರು.

"ಮನಿ ಹೆಂಗದ ಮೇಡಂ?" ಅಂದೆ. ಧಂದೆಯವನ ನಾಲಿಗೆ, ಸುಮ್ಮನಿರುವುದಿಲ್ಲ.

"ಮನಿ ಇರಲಿ. ಒಂದು ಆಟೋ ಕರೀರಿ."

ಆಟೋದವನು ನಾಯಿಯನ್ನು ನೋಡಿ ಕೈ ಆಡಿಸಿದ. "ನಾಯಿ ಸವಾರಿ ಇಲ್ರಿ ಮೇಡಂ, ಸೀಟು ಖರಾಬ್ ಆಗ್ತದ."

"ಬಾಡಿಗಿ ಕೊಡ್ತದಲ್ಲಪ್ಪ, ಮತ್ತ ಸವಾರಿ ಅಲ್ಲ ಅಂದ್ರ ಹೆಂಗ? ನೀನು ಕೂಡಿಸೋ ಮಂದಿಯೆಲ್ಲ ಸೀಟು ಮುತ್ತಿನಂಗ ಇಡ್ತಾರೇನು?"

ಅವನು ನಕ್ಕ. ನಾವು ಎಷ್ಟು "ಹತ್ತು, ಹತ್ತು" ಅಂದರೂ ಕದಲದ ನಾಯಿ, ಅವನು ಉರ್ದುವಿನಲ್ಲಿ "ಆವೋ ಬೇಟಾ, ಬೈಠೋ" ಅಂದ ಕೂಡಲೇ ಏರಿ ಕೂತುಬಿಟ್ಟಿತು. ಮೇಡಂ ನನ್ನ ಕಡೆ ತಿರುಗಿ, "ತಗೋರಿ, ಇದಕ್ಕ ಕನ್ನಡ ಬರಂಗಿಲ್ಲ" ಅಂದರು.

ಅದಕ್ಕೆ ಅವರು ಹೆಸರಿಡಲಿಲ್ಲ. "ಹೆಸರು ಇಟ್ಟವರದು ನಾಯಿ. ನನ್ನ ಹಂತ್ಯಾಕ ಇದು ದವಾಖಾನಿಗೆ ಬಂದದ ಅಷ್ಟ" ಅನ್ನುತ್ತಿದ್ದರು. ಕರೆಯುವಾಗ ಮಾತ್ರ "ಏ ಗೃಹಸ್ಥಾ" ಅನ್ನುತ್ತಿದ್ದರು. ದನದ ದವಾಖಾನೆಯಲ್ಲಿ ಇಂಜೆಕ್ಷನ್ನು, ಕೊರಳಿಗೆ ಮಲಾಮು, ರಾತ್ರಿ ಜೋಳದ ನುಚ್ಚಿಗೆ ಮಜ್ಜಿಗೆ. ಗೃಹಸ್ಥ ಮೈ ತುಂಬಿಕೊಂಡ. ನನ್ನ ಒಂದು ಚಪ್ಪಲಿಯನ್ನೂ ತಿಂದ.

ಖೂಬಾ ಪ್ಲಾಟಿನ ಮಾಲೀಕರು ಸುಮ್ಮನಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತೇ ಹೇಳಿದರು: "ತಿಂಗಳ ಕೊನಿತನಕ ಟೈಮ್ ಕೊಡ್ತೀನಿ. ನಾಯಿ ಹೋಗಬೇಕು, ಇಲ್ಲ ನೀವು ಹೋಗಬೇಕು."

ಆಗಲೇ ಸಂಗತಿ ಗಂಭೀರವಾದದ್ದು. ಒಬ್ಬರಿಗೇ ಮನೆ ಸಿಗಲು ವರ್ಷ ಹಿಡಿದಿತ್ತು, ಆ ತಂಪಿನ ಮನೆಯವರೂ ಇಲ್ಲ ಅಂದಿದ್ದರು. ನಾಯಿಯ ಜೊತೆ ಅವರಿಗೆ ಇನ್ನೊಂದು ಮನೆ ಕೊಡಿಸುವ ತಾಕತ್ತು ನನಗಿರಲಿಲ್ಲ. ಆ ವಯಸ್ಸಿನಲ್ಲಿ ಅವರು ಬೀದಿಗೆ ಬರಬಾರದು ಅಂದರೆ ನಾಯಿಗೆ ಮನೆ ಸಿಗಬೇಕು. "ರಿಂಗ್ ರೋಡಿನಾಚೆ ಬಿಟ್ಟು ಬರೋಣ್ರಿ, ಬದುಕೋ ನಾಯಿ ಬದುಕ್ತದ" ಅಂದವರು ಓಣಿಯಲ್ಲಿ ಬೇಕಾದಷ್ಟು ಜನ. ಹಾಗೆ ಅಂದವರಿಗೆ ಮೇಡಂ, "ಹೌದ್ರಿ, ಮೊದಲ ನಿಮ್ಮನ್ನ ಬಿಟ್ಟು ಬರ್ತೀನಿ, ನೀವು ಬದುಕಿದ್ರ ಅದನ್ನೂ ಬಿಡ್ತೀನಿ" ಅಂದರು.

"ಎರಡ ದಿನದಾಗ ಗಿರಾಕಿ ತರ್ತೀನಿ" ಎಂದು ನಾನು ಎದೆ ತಟ್ಟಿದೆ. ಮನುಷ್ಯರಿಗೆ ಮನೆ ಹೊಂದಿಸುವವನಿಗೆ ನಾಯಿ ಯಾವ ಲೆಕ್ಕ?

ಮೊದಲು ತಂದದ್ದು ಒಬ್ಬ ಗುತ್ತಿಗೆದಾರರನ್ನು. ಕಟ್ಟುತ್ತಿರುವ ಮನೆ ಕಾಯಲು ನಾಯಿ ಬೇಕಿತ್ತು. "ದಿನಾ ಮಟನ್ ಹಾಕ್ತೀನ್ರಿ" ಅಂದರು. ಮೇಡಂ ಮಟನ್ ವಿಚಾರ ಬಿಟ್ಟು, "ಸರಪಳಿ ಎಷ್ಟು ಉದ್ದ ಅದ್ರಿ?" ಅಂದರು. ಅವರು ಕಟ್ಟಡದ ಹತ್ತಿರ ಕರೆದೊಯ್ದು ತೋರಿಸಿದರು. ಮೇಡಂ ಅದರ ತುದಿ ಹಿಡಿದು ನಡೆದು ನೋಡಿ, ನೆರಳಿರುವ ಗೋಡೆಗೆ ಅದು ಮುಟ್ಟುವುದಿಲ್ಲ ಅಂತ ತೋರಿಸಿ, ಸರಪಳಿ ಕೆಳಗಿಟ್ಟು ಹೊರಟರು. ತರಿಸಿದ್ದ ಸೋಡಾ ಹಾಗೇ ಉಳಿಯಿತು.

ಆಮೇಲೆ ಬ್ರಹ್ಮಪುರದ ಒಂದು ಕುಟುಂಬ. ಇದು ಪಕ್ಕಾ ಕುದುರುವ ವ್ಯವಹಾರ ಎಂದು ನಾನು ನಂಬಿದ್ದೆ. ಗಂಡ ಹೆಂಡತಿ ಇಬ್ಬರೂ ನೌಕರಿ, ಒಳ್ಳೆಯ ಮಾತು, ದೊಡ್ಡ ಅಂಗಳ. ಮಗಳು ಆಗಲೇ ನಾಯಿಗೆ ಹಾಸಿಗೆ ತಂದಿಟ್ಟಿದ್ದಳು. ಮೇಡಂ ನಾಯಿಯ ಜೊತೆ ಅರ್ಧ ಗಂಟೆ ಕೂತರು, ನೀರು ಮುಟ್ಟಲಿಲ್ಲ, ಎದ್ದರು. ಹೊರಗೆ ಬಂದು "ಬ್ಯಾಡ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೇನ್ರಿ ಬೇಕು ನಿಮಗ? ನಾಯಿ ಅದ್ರಿ ಅದು! ವರಾ ಹುಡುಕಾಕತ್ತಿಲ್ಲ ನಾವು!"

"ಆ ಮನಿ ಅತ್ತಿಯವರನ್ನ ನೋಡಿದ್ರೇನು?"

"ಪಾಪ, ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ ಅವರು."

"ಬಾಯಿ ಬಿಡಲಿಲ್ಲ. ನಾಯಿ ಹಾದಾಗೊಮ್ಮೆ ಸೆರಗು ಹಿಂಗ ಎಳ್ಕೊಂಡ್ರು." ತಮ್ಮ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಸರಿಸಿ ತೋರಿಸಿದರು. "ಒಳ್ಳೆ ಮಂದೀನ ಅವರು. ಹೊಡಿಯಂಗಿಲ್ಲ, ಉಪವಾಸ ಕೆಡವಂಗಿಲ್ಲ. ಆದ್ರ ದಿನಾ ಈ ಸೆರಗು ನೋಡ್ಕೋತ ಬದುಕೋದು ಹೆಂಗಿರ್ತದ, ಅದು ನನಗ ಗೊತ್ತದ. ನಿಮಗ ಗೊತ್ತಿಲ್ಲ."

"ತಿಂಗಳು ಮುಗಿಯಾಕ ಬಂತು ಮೇಡಂ. ನಿಮ್ಮ ಮನಿ ಹೋಗ್ತದ."

"ಹೋಗಲಿ. ಎಷ್ಟು ಬಾಗಲಾಗ ನಿಂತು ಇಲ್ಲ ಅನಿಸಿಕೊಂಡೀನಿ ನಿಮಗ ಗೊತ್ತದಲ್ಲ, ದಲಾಲ್ ಸಾಹೇಬ್ರ? ಇಷ್ಟು ವರ್ಷಕ್ಕ ಇಲ್ಲ ಅನ್ನೋ ಪಾಳಿ ನಂದು ಬಂದದ. ಮನಸಾರೆ ಅಂತೀನಿ ಬಿಡ್ರಿ."

ಚೌಕಾಸಿಯಲ್ಲಿ ನನ್ನ ಬಾಯಿ ಕಟ್ಟಿದವರು ಈ ಊರಲ್ಲಿ ಕಡಿಮೆ.

ನಮ್ಮೂರ ಹತ್ತಿರದ ಕಮಲಾಪುರದ ಮಾತು ಬಂದದ್ದು ನನಗೆ ಪರಿಚಯದ ಒಬ್ಬ ಮನೆ ಕಟ್ಟುವ ಗೌಂಡಿಯಿಂದ. ಅವನ ಅಕ್ಕ ಅಲ್ಲಿ ಬಾಳೆತೋಟದ ಅಂಚಿಗೆ ಮನೆ ಮಾಡಿಕೊಂಡು, ರಸ್ತೆ ಬದಿಗೆ ಕೆಂಪು ಬಾಳೆಹಣ್ಣು ಮಾರುತ್ತಾಳೆ, ಹಂದಿಗಳ ಕಾಟಕ್ಕೆ ನಾಯಿ ಹುಡುಕುತ್ತಿದ್ದಾಳೆ ಅಂದ. ಒಬ್ಬ ಗೆಳೆಯನ ಕಾರು ಕೇಳಿ, ಗೃಹಸ್ಥನನ್ನು ಹಿಂದೆ ಕೂಡಿಸಿಕೊಂಡು ಹೊರಟೆವು. ಮೇಡಂ ಅದರ ಜೊತೆ ಹಿಂದೆಯೇ ಕೂತರು. ನಾಯಿ ಅವರ ಮಡಿಲಲ್ಲಿ ಗದ್ದವಿಟ್ಟಿತ್ತು.

ತಗಡಿನ ನೆರಳಲ್ಲಿ ಹಣ್ಣಿನ ಗೊನೆ ತೂಗಿಬಿಟ್ಟ ಅಂಗಡಿ, ಹಿಂದೆ ಎರಡು ಖೋಲಿಯ ಮನೆ. ಗಟ್ಟಿಗಿತ್ತಿ ಹೆಂಗಸು, ಲಾರಿಯವರ ಜೊತೆ ಜಗಳವಾಡಿ ಪಳಗಿದ ದನಿ. ನಮ್ಮನ್ನು ಹೊರಸಿನ ಮೇಲೆ ಕೂಡಿಸಿ, ತಟ್ಟೆಯಲ್ಲಿ ಎರಡು ತಂಬಿಗೆ ನೀರು, ಒಂದು ಚಿಪ್ಪು ಹಣ್ಣು ತಂದಿಟ್ಟಳು. "ಮೊದಲ ನೀರು ಕುಡೀರಿ ಮೇಡಮ್ಮಾರ, ಬಿಸಲಾಗ ಬಂದೀರಿ."

ಮೇಡಂ ತಮ್ಮ ನೇಮದಂತೆ ಕೈ ಅಡ್ಡ ಹಿಡಿದರು. "ಈಗ ಬ್ಯಾಡವ್ವ, ಆಮ್ಯಾಲ ನೋಡೋಣ."

ಆ ಹೆಂಗಸು ಮೇಡಂ ಅವರ ಗಂಜಿ ಸೀರೆ ನೋಡಿದಳು, ಕನ್ನಡಕ ನೋಡಿದಳು, ಮುಟ್ಟದ ತಂಬಿಗೆ ನೋಡಿದಳು. ಮುಖ ಕಲ್ಲಾಯಿತು. "ಹಣ್ಣರ ತಿನ್ರಿ ಹಂಗಾದ್ರ. ಮ್ಯಾಲ ಸಿಪ್ಪಿ ಇರ್ತದ, ನಮ್ಮ ಕೈ ಮುಟ್ಟಿದ್ದು ನಿಮ್ಮ ಹೊಟ್ಟಿಗೆ ಹೋಗಂಗಿಲ್ಲ."

ಅವಳೂ ದಲಿತರ ಹೆಣ್ಣುಮಗಳು. ತನ್ನ ಮನೆಯ ನೀರು ಮುಟ್ಟದ ಈ ಪೇಟೆಯ ಹೆಂಗಸು ಮೇಲ್ಜಾತಿಯವಳು ಅಂತ ತಿಳಿದಿದ್ದಳು. "ಹಂಗಲ್ಲವ್ವ, ಇವರು..." ಎಂದು ಶುರು ಮಾಡಿದೆ.

"ನೀವು ಸುಮ್ಕಿರ್ರಿ. ನಾಯಿ ಕರಕೊಂಡು ಎದ್ದು ಹೋಗ್ರಿ. ಹಂದಿ ತೋಟ ತಿಂದ್ರೂ ಚಿಂತಿಲ್ಲ, ನಮ್ಮ ನೀರು ಮುಟ್ಟದವರ ನಾಯಿ ನಮ್ಮ ಬಾಗಲಾಗ ಬ್ಯಾಡ!"

ಮೇಡಂ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಂಬಿಗೆ ಎತ್ತಿ, ತುಟಿಗೆ ಕಚ್ಚಿಕೊಂಡೇ ಗಟಗಟ ಕುಡಿದು ಕೆಳಗಿಟ್ಟು, ನನ್ನ ತಂಬಿಗೆಯನ್ನೂ ಎತ್ತಿ ಖಾಲಿ ಮಾಡಿದರು. ಬಾಯಿ ಒರೆಸಿಕೊಂಡು, "ನಮ್ಮಪ್ಪ ಕಲ್ಲು ಕಡೀತಿದ್ದ, ತಂಗಿ. ನಾವು ನಿಮ್ಮ ಪೈಕಿನ. ಅರ್ಧ ಕಲಬುರಗಿ ನನಗ ಮನಿ ಕೊಡಲಿಲ್ಲ, ಯಾಕಂತ ತಿಳ್ಕೊಂಡಿ?" ಅಂದರು.

"ಅಯ್ಯ! ಖರೇನ?" ಆಕೆ ಬಾಯಿಗೆ ಸೆರಗು ಹಿಡಿದಳು. "ಆ ಚಸ್ಮಾ ನೋಡಿ ಮೋಸ ಹೋದೆ ನೋಡಕ್ಕ ನಾ!"

ಇಬ್ಬರೂ ನಕ್ಕರು ನೋಡಿ. ತಗಡು ಹಾರುವ ಹಾಗೆ ನಕ್ಕರು. ನಡುವೆ ಕೂತ ನನಗೆ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ.

ನಕ್ಕು ಮುಗಿದ ಮೇಲೆ ಆಕೆ ನಾಯಿಯನ್ನು ಕರೆಯಲಿಲ್ಲ, ತಲೆ ಸವರಲು ಹೋಗಲಿಲ್ಲ. ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತು ಹಣ್ಣು ಬಿಡಿಸತೊಡಗಿದಳು. ಬಿಡಿಸುತ್ತಲೇ ಕೇಳಿದಳು: "ಕೊಳ್ಳಾಗ ಹಗ್ಗದ ಕಲಿ ಅದಲ್ಲಕ್ಕ, ಯಾವುದಕ್ಕ ಅಂಜತದ ಇದು? ಕಟ್ಟಿಗಿಗೋ, ಗಂಡಸರಿಗೋ?"

ಅಷ್ಟು ದಿನ ನಾನು ತಂದ ಗಿರಾಕಿಗಳು ಅದು ಏನು ತಿನ್ನುತ್ತದೆ, ಕಚ್ಚುತ್ತದೋ ಅಂತ ಕೇಳಿದ್ದರೇ ಹೊರತು, ಯಾವುದಕ್ಕೆ ಹೆದರುತ್ತದೆ ಅಂತ ಕೇಳಿರಲಿಲ್ಲ. ಹಗ್ಗಕ್ಕೆ ಹೆದರುತ್ತದೆ ಅಂದರು ಮೇಡಂ. ಅದಕ್ಕೆ ಉರ್ದು ಮಾತ್ರ ತಿಳಿಯುತ್ತದೆ ಅಂತಲೂ ಅಂದರು. "ಅದಕ್ಕೇನಕ್ಕ, ಲಾರಿಯವರು ಅರ್ಧ ಮಂದಿ ಅದೇ ಮಾತಾಡ್ತಾರ. ನನಗ ಬೈಗಳ ಸೈತ ಬರ್ತಾವ" ಅಂದಳು ಆಕೆ. ಗೃಹಸ್ಥ ಮೆಲ್ಲಗೆ ಹೋಗಿ ಅವಳ ನೆರಳಲ್ಲಿ ಮೈ ಚಾಚಿದ.

ಮೇಡಂ ನನ್ನ ಕಡೆ ತಿರುಗಿ, "ನೀರು ಕುಡದುಬಿಟ್ಟೆ, ಇನ್ನ ಇಲ್ಲ ಅನ್ನಾಕ ಬರಂಗಿಲ್ಲ" ಅಂದರು. ಹೊರಡುವಾಗ ನಾಯಿಯ ಹತ್ತಿರ ಹೋಗಲಿಲ್ಲ. ಕಾರಿನಲ್ಲಿ ಕನ್ನಡಕ ತೆಗೆದು ಸೆರಗಲ್ಲಿ ಒರೆಸುತ್ತಲೇ ಇದ್ದರು. ನಾನು ರಸ್ತೆ ನೋಡುತ್ತಿದ್ದೆ.

ಅಲ್ಲಿಗೆ ಮುಗಿಯಲಿಲ್ಲ. ಕೆಲವು ದಿನ ಬಿಟ್ಟು, ಹೇಳದೆ ಕೇಳದೆ ಹೋದೆವು. ನಾಯಿ ಮೇಡಂ ಅವರನ್ನು ಕಂಡು ಓಡಿಬಂದು ಕಾರಿನ ಬಾಗಿಲ ಮುಂದೆ ಕೂತುಬಿಟ್ಟಿತು. ವಾಪಸ್ ಕರೆದೊಯ್ಯಲು ಬಂದಿದ್ದಾರೆ ಎಂದೇ ಅದರ ತಿಳಿವಳಿಕೆ. ಅವತ್ತು ಮೇಡಂ ಊಟ ಮಾಡಲಿಲ್ಲ. ಅದಾದ ಮೇಲೆ ಬಹಳ ದಿನ ತಡೆದು ಇನ್ನೊಮ್ಮೆ ಹೋದೆವು. ನಾವು ಕಾರಿನಿಂದ ಇಳಿದದ್ದೇ ತಡ, ಅಂಗಡಿಯ ಅಡಿಯಿಂದ ನೆಗೆದು, ಕಾಲು ಊರಿ ನಿಂತು ಬೊಗಳಿತು. ಗುರುತು ಹಿಡಿದು ಬಾಲ ಆಡಿಸಿದ್ದು ಆಮೇಲೆ. ಮೇಡಂ ಚಪ್ಪಾಳೆ ತಟ್ಟಿದರು. "ನಮಗ ಬೊಗಳಿತು ನೋಡ್ರಿ! ಆ ಮನಿ ತನ್ನದಾತು ಅದಕ್ಕ!"

ಖೂಬಾ ಪ್ಲಾಟಿನ ಮನೆ ಉಳಿಯಿತು. ಆದರೆ ಮೇಡಂ ನಾಯಿಯ ಕೊರಳ ಪಟ್ಟಿಯನ್ನು ಬಾಲ್ಕನಿಯ ಕಂಬಿಗೆ ಬಿಗಿದು, ಮಾಲೀಕರಿಗೆ ಕಾಣುವ ಹಾಗೆ ತೂಗಿಬಿಟ್ಟರು. "ನಾಯಿ ಹೋತಲ್ರಿ, ಪಟ್ಟಾ ಯಾಕ?" ಅಂತ ಅವರು ಕೇಳಿದಾಗ, "ಇನ್ನೊಂದು ಬಂದ್ರ ಬೇಕಾಗ್ತದ" ಅಂದರು. ಬಂದದ್ದು ಒಂದಲ್ಲ. ಪ್ರತಿ ಸಲವೂ ಮಾಲೀಕರು ಗುಡುಗಿದರು, ಪ್ರತಿ ಸಲವೂ ನಾವು ಮನೆ ನೋಡಲು ಹೊರಟೆವು.

ಈಗ ಅವರಿಲ್ಲ. ಅವರ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಫೋನುಗಳು ನನಗೇ ಬರುತ್ತವೆ, ಅದಕ್ಕೇ ನಿಮಗೂ ಹೇಳಿಬಿಡುತ್ತೇನೆ. ಬೆಳೆದ ನಾಯಿಗೆ ಮನೆ ಹುಡುಕುತ್ತಿದ್ದರೆ ಗಡಿಬಿಡಿ ಮಾಡಬೇಡಿ. ಫೋಟೋ ನೋಡಿ "ಎಷ್ಟು ಚೆಂದ" ಅನ್ನುವವರ ಮಾತಿಗೆ ಮರುಳಾಗಬೇಡಿ. ಚೆಂದ ಮರಿಗೆ ಸಾಕು, ದೊಡ್ಡ ನಾಯಿಗೆ ತಾಳ್ಮೆಯ ಮನೆ ಬೇಕು. ಅದರ ಹುಳುಕು ಮುಚ್ಚಿಡಬೇಡಿ. ಕಚ್ಚಿದ್ದರೆ ಕಚ್ಚಿದೆ ಅಂತ, ಅಂಜಿದ್ದರೆ ಅಂಜುತ್ತದೆ ಅಂತ ಮೊದಲೇ ಹೇಳಿ. ವ್ಯವಹಾರ ಮುರಿದರೆ ಮುರಿಯಲಿ, ಮುಚ್ಚಿಟ್ಟು ಕೊಟ್ಟ ನಾಯಿ ವಾಪಸ್ ಬರುತ್ತದೆ. ಮನೆಯನ್ನು ಸ್ವತಃ ಹೋಗಿ ನೋಡಿ, ಅದೂ ನಡುಮಧ್ಯಾಹ್ನ. ನೆರಳು ಎಲ್ಲಿದೆ, ನೀರು ಎಲ್ಲಿಡುತ್ತಾರೆ ಅಂತ ಕೇಳಿ. ಮನೆಯಲ್ಲಿ ಮಾತಾಡುವವರನ್ನಲ್ಲ, ಮಾತಾಡದೆ ಕೂತವರನ್ನು ಗಮನಿಸಿ. ಇಂಜೆಕ್ಷನ್ನು ಹಾಕಿಸಿಯೇ ಕೊಡಿ. ಕೊಟ್ಟ ಮೇಲೆ ಅದು ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಜೊತೆಗೆ ಕಳಿಸಿ. ಮೊದಲ ವಾರ ನೀವು ಎದುರಿಗೆ ಹೋಗಬೇಡಿ, ಹೋದರೆ ಅದರ ಎದೆ ಮತ್ತೆ ಒಡೆಯುತ್ತದೆ. ಆಗಿ ಬರಲಿಲ್ಲ ಅಂದರೆ ವಾಪಸ್ ತರುತ್ತೇನೆ ಅಂತ ಮಾತು ಕೊಟ್ಟು, ಆ ಮಾತಿಗೆ ನಿಲ್ಲಿ.

ಇನ್ನು, "ಒಂದು ನಾಯಿಗೆ ಇಷ್ಟೆಲ್ಲಾ ಯಾಕ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ, ಹೊತ್ತು ದಂಡ. ಅವರ ಮನೆಗೆ ಮಾತ್ರ ಕೊಡಬೇಡಿ.